ಕುಣಿಯುವ ಏಡಿಯೂ ಕ್ಯಾಮಿಲಸನ ರಜೆಯೂ

"ನಾಲ್ಕೂ ಆಮೆಯಾ? ಎಂತ ಮಾರಾಯ, ನೀನು ಯುದ್ಧಕ್ಕೆ ಹೋಗುದಾ, ಇನ್ಶೂರೆನ್ಸ್ ಮಾಡಿಸ್ಲಿಕ್ಕೆ ಹೋಗುದಾ?"

ಕೊರಗಪ್ಪಣ್ಣ ಕನ್ನಡಕವನ್ನು ಹಣೆಗೇರಿಸಿ, ಕ್ಯಾಮಿಲಸನ ಮೊಬೈಲನ್ನು ಹಳಸಿದ ಮೀನಿನ ಹಾಗೆ ಎರಡು ಬೆರಳಲ್ಲಿ ದೂರ ಹಿಡಿದು ನೋಡುತ್ತಿದ್ದರು. ತೆರೆಯ ಮೇಲೆ ನಾಲ್ಕು ಆಮೆಗಳು ತಲೆ ಒಳಗೆಳೆದುಕೊಂಡು ಕುಳಿತಿದ್ದವು.

"ಪೆಟ್ಟು ಬಿದ್ರೆ ತಡ್ಕೊಳ್ತವಲ್ಲ," ಎಂದ ಕ್ಯಾಮಿಲಸ್.

"ತಡ್ಕೊಂಡು? ಚಂದ ತಡ್ಕೊಂಡ ಅಂತ ರಜೆ ಕೊಡ್ತಾರಾ?"

ಮಾತು ರಜೆಯದ್ದೇ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಆ ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವವರು ಇಬ್ಬರೇ, ಕ್ಯಾಮಿಲಸ್ ಮತ್ತು ಹರ್ಷಿತ್. ಒಬ್ಬ ಊರಿಗೆ ಹೋದರೆ ಇನ್ನೊಬ್ಬ ಇಲ್ಲಿರಲೇಬೇಕು. ಈ ಸಲ ಯುಎಇಯ ರಾಷ್ಟ್ರೀಯ ದಿನಕ್ಕೆ ತಾಗಿದ ಒಂದೇ ವಾರವನ್ನು ಇಬ್ಬರೂ ಕೇಳಿದ್ದರು. ಹರ್ಷಿತನ ಅಣ್ಣನಿಗೆ ಕಾಪುವಿನಲ್ಲಿ ಹೊಸಮನೆ ಒಕ್ಕಲು. ಕ್ಯಾಮಿಲಸನ ತಂಗಿ ಮಾರ್ಟಿನಾಗೆ ಎಷ್ಟೋ ಆಸ್ಪತ್ರೆ, ಎಷ್ಟೋ ಹರಕೆಗಳ ಮೇಲೆ ಒಂದು ಹೆಣ್ಣುಮಗು ಹುಟ್ಟಿತ್ತು. ಅದರ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಗಾಡ್‌ಫಾದರ್ ಆಗಿ ನಿಂತು ಮೇಣದಬತ್ತಿ ಹಿಡಿಯಬೇಕಾದವನು ಕ್ಯಾಮಿಲಸ್.

ಮ್ಯಾನೇಜರ್ ಆಶ್ಲೆ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಹುಟ್ಟಿ ಬೆಳೆದ ಹುಡುಗ. ಒಕ್ಕಲು ದೊಡ್ಡದೋ ಜ್ಞಾನಸ್ನಾನ ದೊಡ್ಡದೋ ಎಂಬ ಪ್ರಶ್ನೆ ಅವನ ಎಂಬಿಎಯಲ್ಲಿ ಬಂದಿರಲಿಲ್ಲ. "ಗೈಸ್, ನನಗೆ ಚೂಸ್ ಮಾಡ್ಲಿಕ್ಕೆ ಆಗುದಿಲ್ಲ. ಇವತ್ತು ಸಂಜೆ ಮಾನ್‌ಸ್ಟರ್ ಮಜ್ಲಿಸ್ ಆಡಿ. ವಿನ್ನರ್ ಊರಿಗೆ. ಖಲಾಸ್," ಎಂದುಬಿಟ್ಟಿದ್ದ.

ಮಾನ್‌ಸ್ಟರ್ ಮಜ್ಲಿಸ್ ಎಂದರೆ ಮೊಬೈಲಿನ ಆಟ. ಒಬ್ಬೊಬ್ಬರು ನಾಲ್ಕು ರಾಕ್ಷಸರನ್ನು ಕಟ್ಟಿಕೊಂಡು ಬರಬೇಕು. ಅವು ಒಂದೊಂದಾಗಿ ಎದುರುಬದುರು ನಿಂತು ಸರದಿಯ ಮೇಲೆ ಹೊಡೆದಾಡುತ್ತವೆ. ಇಡೀ ಆಫೀಸಿಗೆ ಅದರ ಹುಚ್ಚು ಹಿಡಿದು ತಿಂಗಳುಗಳಾಗಿದ್ದವು. ಹಿಡಿಯದೆ ಉಳಿದವನು ಕ್ಯಾಮಿಲಸ್ ಒಬ್ಬನೇ. ದುಬೈಯಲ್ಲಿ ವರ್ಷವಿಡೀ ಬ್ಯಾಗಿನಲ್ಲಿ ಕೊಡೆ ಇಟ್ಟುಕೊಂಡು ಓಡಾಡುವ ಮನುಷ್ಯ ಆಮೆಗಳನ್ನಲ್ಲದೆ ಇನ್ನೇನನ್ನು ಆರಿಸಿಯಾನು?

"ನೋಡು ಕ್ಯಾಮಿಲಸಾ," ಕೊರಗಪ್ಪಣ್ಣ ಕುರ್ಚಿ ಎಳೆದುಕೊಂಡರು. ಸ್ಟೋರಿನ ಉಸ್ತುವಾರಿ ಅವರದು, ಆದರೆ ಸ್ಟೋರಿನಲ್ಲಿ ಅವರು ಸಿಗುವುದು ಕಡಿಮೆ. ಈ ಆಟವನ್ನು ಮೆಟ್ರೋದಲ್ಲಿ ಹೋಗಿಬರುತ್ತಲೇ ಕಲಿತು ಪಂಡಿತರಾಗಿದ್ದರು. "ಹರ್ಷಿತ ಕಟ್ಟಿದ್ದು ಗೋಡೆ. ಹೊಡಿ, ಅವ ಗುಣ ಮಾಡ್ಕೊಳ್ತಾನೆ. ಮತ್ತೆ ಹೊಡಿ, ಮತ್ತೆ ಗುಣ. ನಿನ್ನ ಆಮೆ ಅವನ ಎದುರು ಹೋದ್ರೆ ಇಬ್ರೂ ರಿಟೈರ್ ಆಗುವವರೆಗೆ ಆಟ ಮುಗಿಯುದಿಲ್ಲ. ನಿಂಗೆ ಹೊಡಿಯುವ ಟೀಮೇ ಬೇಕು. ಗುರಾಣಿ ಹಿಡಿಯುವವ ಒಬ್ಬನೂ ಇರಬಾರ್ದು."

"ಒಬ್ಬ ಇರ್ಲಿ ಕೊರಗಪ್ಪಣ್ಣ, ಸೇಫ್ಟಿಗೆ."

"ಒಬ್ಬನೂ ಇಲ್ಲ."

ಆಮೆಗಳು ಹೋದವು. ಮೊದಲಿಗೆ ಮುಳ್ಳುಹಂದಿ: ಅದು ನೆಲದ ತುಂಬ ಮುಳ್ಳು ಚೆಲ್ಲಿ ಸಾಯುತ್ತದೆ, ಆಮೇಲೆ ಎದುರಾಳಿಯ ಯಾರೇ ಕಣಕ್ಕಿಳಿದರೂ ಆ ಮುಳ್ಳು ಕಾಲಿಗೆ ಚುಚ್ಚುತ್ತದೆ. ಎರಡನೆಯದು ಗೋಡೆ ಒಡೆಯಲು ಕೋಣ. ಮೂರನೆಯದು ಯಾರಿಗಿಂತಲೂ ಮುಂಚೆ ಎರಗುವ ಗಿಡುಗ. ಕೊನೆಗೆ ಒಂದು ಏಡಿ.

"ಏಡಿ ಎಂತ ಮಾಡ್ತದೆ?"

"ಕುಣಿಯುತ್ತದೆ."

"ಹೊಡಿಯುದಿಲ್ವಾ?"

"ಒಮ್ಮೆ ಕುಣಿದ್ರೆ ಅದ್ರ ಶಕ್ತಿ ಎರಡು ಪಟ್ಟು. ಮತ್ತೊಮ್ಮೆ ಕುಣಿದ್ರೆ ಅದಕ್ಕೂ ಎರಡು ಪಟ್ಟು. ಎದುರಿನವ ಸುಮ್ನಿದ್ದಾಗ ಕುಣಿಸ್ಬೇಕು. ಮತ್ತೆ ಗುಡಿಸಿ ಹಾಕ್ತದೆ."

ಟೀಮನ್ನು ಇನ್ನೊಮ್ಮೆ ನೋಡಿದ ಕೊರಗಪ್ಪಣ್ಣನ ಮುಖದಲ್ಲಿ ಮಗಳ ಮದುವೆ ಮುಗಿಸಿದ ತೃಪ್ತಿ ಇತ್ತು. "ಇದು ಸೋಲುದು ಸಾಧ್ಯವೇ ಇಲ್ಲ," ಎಂದು ಎದ್ದವರು ಕಾರಿಡಾರಿಗೆ ಹೋಗಿ ಯಾರಿಗೋ ಫೋನು ಮಾಡಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು.

ಕ್ಯಾಮಿಲಸ್ ಅಭ್ಯಾಸ ಮಾಡೋಣವೆಂದರೆ ಕಸ್ಟಮ್ಸ್ ಏಜೆಂಟರ ಜೊತೆ ಮೀಟಿಂಗು. ಆಟ ಮುಚ್ಚದೆ ಮೊಬೈಲನ್ನು ಜೇಬಿಗೆ ಹಾಕಿಕೊಂಡೇ ಹೋದ. ತಡವಾದ ಕಂಟೇನರಿಗೆ ಅವನು ಗಂಭೀರವಾಗಿ ಕ್ಷಮೆ ಕೇಳುತ್ತಿದ್ದಾಗ ಜೇಬಿನಲ್ಲಿ ಕೋಣ ಕೂಗಿತು. ಅದುಮಿದರೆ ಗಿಡುಗ ಕಿರಿಚಿತು. ಏಜೆಂಟ್ ಸಾಹೇಬರು ಕಾಗದ ಕೆಳಗಿಟ್ಟು, "ಲೈವ್‌ಸ್ಟಾಕ್ ಕೂಡ ಇದೆಯೇ ಈ ಶಿಪ್‌ಮೆಂಟಿನಲ್ಲಿ?" ಎಂದು ಕೇಳಿದರು. ಮಾಫಿ, ಮಾಫಿ, ಏನೂ ಇಲ್ಲ ಎಂದು ಅವರನ್ನು ನಂಬಿಸುವಷ್ಟರಲ್ಲಿ ಕ್ಯಾಮಿಲಸನ ಅಂಗಿ ಒದ್ದೆಯಾಗಿತ್ತು.

ಊಟದ ಹೊತ್ತಿಗೆ ಪ್ಯಾಂಟ್ರಿಗೆ ಬಂದರೆ ರಿಸೆಪ್ಷನ್ನಿನ ಜೋಸ್ವಿನ್ ಮೊಬೈಲ್ ಕಸಿದುಕೊಂಡಳು.

"ಅಂಕಲ್, ಗಿಡುಗನಾ? ಈಗ ಯಾರೂ ಇಡುದಿಲ್ಲ. ನನ್ನ ಪಿಂಕ್ ಬಸವನಹುಳ ಹಾಕಿ. ಕ್ಯೂಟ್ ಉಂಟು."

"ಹೊಡಿಯುತ್ತದಾ?"

"ನಗಾಡ್ತದೆ ಅಂಕಲ್. ಎದುರಿನವರಿಗೆ ಹೊಡಿಲಿಕ್ಕೆ ಮನಸ್ಸೇ ಬರುದಿಲ್ಲ."

ಒಲ್ಲೆ ಎನ್ನುವುದು ಕ್ಯಾಮಿಲಸನ ಜಾಯಮಾನದಲ್ಲಿ ಇರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಜೋಸ್ವಿನ್ ಗಿಡುಗನನ್ನು ತೆಗೆದು ಹುಳವನ್ನು ಹಾಕಿಬಿಟ್ಟಿದ್ದಳು. ಅಷ್ಟರಲ್ಲಿ ಪಕ್ಕದ ಮೇಜಿನ ಸುಸನ್, "ಬಾ ಕ್ಯಾಮಿಲಸ್, ಒಂದು ಟ್ರಯಲ್ ಆಡುವ," ಎಂದಳು. ಬಲಗೈಯಲ್ಲಿ ಬಿರಿಯಾನಿ ತಿನ್ನುತ್ತ, ಎಡಗೈಯ ಕಿರುಬೆರಳಿನಿಂದ ಅವಳು ಅವನ ನಾಲ್ಕನ್ನೂ ಮಲಗಿಸಿದಳು. ಮೊಟ್ಟೆ ಸುಲಿಯಲು ಮಾತ್ರ ಅವಳಿಗೆ ಎರಡೂ ಕೈ ಬೇಕಾದವು.

ಅದೇ ಗಳಿಗೆಗೆ ವಾರಿಜಾಕ್ಷಿಯ ಫೋನು ಬಂತು. ಕೊರಗಪ್ಪಣ್ಣನ ಹೆಂಡತಿ, ಕರಾಮಾದಲ್ಲಿ ಕ್ಯಾಮಿಲಸನ ಪಕ್ಕದ ಫ್ಲ್ಯಾಟಿನವರು. ಮಾರ್ಟಿನಾಗೆ ಬಾಣಂತಿ ಲೇಹ್ಯ ಮಾಡುವ ಕ್ರಮವನ್ನು ದಿನಾ ಫೋನಿನಲ್ಲಿ ಹೇಳಿಕೊಟ್ಟವರೂ ಅವರೇ.

"ಎಂತಾಯ್ತು ಕ್ಯಾಮಿಲಸ್, ರಜೆ ಸಿಕ್ಕಿತಾ?"

"ಎಲ್ಲಿಯ ರಜೆ ವಾರಿಜಾಕ್ಕ. ನನ್ನ ಕೋಣ ಸತ್ತಿತು, ಏಡಿ ಸತ್ತಿತು, ಬಸವನಹುಳ ನಗಾಡ್ತಾ ನಗಾಡ್ತಾ ಸತ್ತಿತು. ಇನ್ನು ರಜೆ ಸಿಕ್ಕಿದ ಹಾಗೆಯೇ."

"ಅಯ್ಯೋ ಪಾಪ. ಮಾರ್ಟಿನಾ ನಿಮ್ಮನ್ನೇ ಕಾಯ್ತಾ ಇದ್ದಾಳೆ. ನೀವು ತಲೆಬಿಸಿ ಮಾಡ್ಬೇಡಿ, ನಾನಿದ್ದೇನಲ್ಲ."

ಅವರು ಇದ್ದು ಏನು ಮಾಡಬಲ್ಲರು ಎಂದು ಕ್ಯಾಮಿಲಸ್ ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಸಂಜೆ ಕಾನ್ಫರೆನ್ಸ್ ರೂಮಿನ ದೊಡ್ಡ ತೆರೆಯ ಮೇಲೆ ಆಟ ಶುರುವಾಯಿತು. ಹರ್ಷಿತ್ ಎದುರು ಕುಳಿತಿದ್ದ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕುಳಿತವನಷ್ಟು ಸಮಾಧಾನದಲ್ಲಿ. ಕ್ಯಾಮಿಲಸನ ಮುಳ್ಳುಹಂದಿ ಮುಳ್ಳು ಚೆಲ್ಲಿ ಕರ್ತವ್ಯ ಮುಗಿಸಿ ಸತ್ತಿತು. ಕೋಣ ನುಗ್ಗಿ ಹರ್ಷಿತನ ಮೂವರನ್ನು ಕೆಡವಿ ತಾನೂ ಬಿತ್ತು. ಕೊರಗಪ್ಪಣ್ಣ ತೊಡೆ ತಟ್ಟಿದರು. "ಈಗ ಗಿಡುಗನ ಬಿಡು."

ಕ್ಯಾಮಿಲಸ್ ಗುಂಡಿ ಒತ್ತಿದ. ಕಣಕ್ಕೆ ಗುಲಾಬಿ ಬಣ್ಣದ ಬಸವನಹುಳ ಬಂದು ನಕ್ಕಿತು.

"ಇದ್ಯಾರು?" ಎಂದರು ಕೊರಗಪ್ಪಣ್ಣ.

ಜೋಸ್ವಿನ್ ಚಪ್ಪಾಳೆ ತಟ್ಟಿದಳು. ಹರ್ಷಿತನ ಕೊನೆಯ ರಾಕ್ಷಸ, ಕಾಲು ಮೂಡಿದ ಒಂದು ಹೆಬ್ಬಂಡೆ, ನಿಧಾನವಾಗಿ ಬಂದು ಹುಳದ ಮೇಲೆ ಕುಳಿತಿತು. ಅಲ್ಲಿಗೆ ಹುಳದ ಕತೆ ಮುಗಿಯಿತು.

ಉಳಿದದ್ದು ಏಡಿ. ಏಡಿ ಹೊಡೆದರೆ ಬಂಡೆಗೆ ತುರಿಕೆಯಾದಷ್ಟೂ ಆಗುತ್ತಿರಲಿಲ್ಲ. ಬಂಡೆ ಕಣ್ಣುಮುಚ್ಚಿ ಮುಳ್ಳಿನ ಗಾಯ ಗುಣಮಾಡಿಕೊಂಡಿತು. ಕ್ಯಾಮಿಲಸನ ಹೆಬ್ಬೆರಳು ತನ್ನಷ್ಟಕ್ಕೆ ಗುರಾಣಿಯ ಗುಂಡಿ ಹುಡುಕಿತು. ಗುರಾಣಿಯೇ ಇರಲಿಲ್ಲ. ಆಗ ಅವನಿಗೆ ಬೆಳಗಿನಿಂದ ತಡೆದುಕೊಂಡದ್ದೆಲ್ಲ ನೆತ್ತಿಗೇರಿತು. ಕೋಣನ ಕೂಗು, ಸುಸನ್‌ಳ ಕಿರುಬೆರಳು, ಹುಳದ ನಗು. ಇದ್ದ ಗುಂಡಿಯನ್ನೇ ಸಿಟ್ಟಿನಿಂದ ಒತ್ತಿದ. ಏಡಿ ಕುಣಿಯಿತು. ಬಂಡೆ ನಿದ್ದೆ ಹೋಯಿತು. ಏಡಿ ಮತ್ತೆ ಕುಣಿಯಿತು. ಬಂಡೆ ಗೊರಕೆ ಹೊಡೆಯಿತು.

"ಹರ್ಷಿತಾ, ಎಬ್ಬಿಸು ಅದನ್ನ," ಎಂದು ಯಾರೋ ಕೂಗುವಾಗ ಏಡಿ ಇನ್ನೊಮ್ಮೆ ಕುಣಿದು, ಇಕ್ಕುಳದಂಥ ಕೊಂಬು ಎತ್ತಿ ಒಂದೇ ಒಂದು ಪೆಟ್ಟು ಕೊಟ್ಟಿತು. ಬಂಡೆ ಒಡೆದು ಜಲ್ಲಿಯಾಯಿತು.

ಕ್ಯಾಮಿಲಸ್ ಕೂಡಲೇ ಮಾರ್ಟಿನಾಗೆ ಫೋನು ಹಚ್ಚಿದ. "ಬರ್ತೇನೆ ಮಾರ್ಟಿನಾ. ರಜೆ ಗೆದ್ದೆ."

ಆ ಕಡೆ ಮಗು ಅಳುವುದು ಕೇಳಿಸಿತು.

"ಕ್ಯಾಮಿ," ಎಂದಳು ತಂಗಿ, "ವಾರಿಜಾಕ್ಕ ಮಧ್ಯಾಹ್ನ ಫೋನ್ ಮಾಡಿದ್ರು. ನಿಂಗೆ ಆ ವಾರ ರಜೆ ಸಿಗುದೇ ಇಲ್ಲ, ಯಾವುದೋ ಏಡಿ ಸತ್ತಿದೆ ಅಂತ. ನೀನಿಲ್ಲದೆ ಹೇಗೆ ಮಾಡುದು? ಫಾದರ್ ಹತ್ರ ಹೋಗಿ ಅದರ ಮುಂದಿನ ವಾರಕ್ಕೆ ಹಾಕಿಸಿದೆ. ಚರ್ಚ್ ಹಾಲ್ ನವರು, ಊಟದವರು, ನೆಂಟ್ರು ಎಲ್ಲರಿಗೂ ಹೇಳಿಯಾಯ್ತು. ಇನ್ನು ಬದಲಿಸ್ಲಿಕ್ಕೆ ಆಗುದಿಲ್ಲ."

ಕ್ಯಾಮಿಲಸನಿಗೆ ಒಂದು ಉಪಾಯ ಹೊಳೆಯಿತು. ಹರ್ಷಿತನ ಬಳಿ ಓಡಿದ.

"ಹರ್ಷಿತ್, ಈ ವಾರ ನೀನೇ ಇಟ್ಕೊ. ಅಣ್ಣನ ಒಕ್ಕಲಿಗೆ ಹೋಗು. ವಾರಿಜಾಕ್ಕನ ಫೋನ್ ಕೇಳಿ ಮಾರ್ಟಿನಾ ದಿನ ಬದಲಿಸಿದ್ದಾಳೆ, ನಂಗೆ ಅದರ ಮುಂದಿನ ವಾರ ಸಾಕು."

ಹರ್ಷಿತ್ ತನ್ನ ಫೋನನ್ನು ಕಿವಿಯಿಂದ ನಿಧಾನವಾಗಿ ಇಳಿಸಿದ. "ಅಣ್ಣ ಒಕ್ಕಲನ್ನೂ ಅದೇ ವಾರಕ್ಕೆ ಹಾಕಿದ್ದಾನೆ ಮಾರ್ರೆ. ಬೆಳಿಗ್ಗೆಯೇ. ಭಟ್ರ ಹತ್ರ ಬೇರೆ ಮುಹೂರ್ತ ತೆಗೆಸಿಯಾಯ್ತಂತೆ."

"ಬೆಳಿಗ್ಗೆಯಾ? ಬೆಳಿಗ್ಗೆ ನಾವು ಆಡಿಯೇ ಇರ್ಲಿಲ್ವಲ್ಲ. ಯಾರು ಹೇಳಿದ್ದು?"

ಇಬ್ಬರೂ ತಿರುಗಿ ನೋಡಿದರು. ಕೊರಗಪ್ಪಣ್ಣ ಕನ್ನಡಕ ಒರೆಸುತ್ತಿದ್ದರು.

"ನಾನೇ ಹೇಳಿದ್ದು. ನಾನು ಕಟ್ಟಿದ ಟೀಮು, ಸೋಲುದಿಲ್ಲ ಅಂತ ಗೊತ್ತಿತ್ತು. ಹರ್ಷಿತನ ಅಣ್ಣ ನಮ್ಮ ಊರಿನವ, ಕಡೆಗೆ ಪಾಪ ಪರದಾಡುದು ಬೇಡ ಅಂತ ಮೊದಲೇ ಫೋನ್ ಮಾಡಿದೆ. ನನ್ನ ಹೆಂಡ್ತಿ ನಿನ್ನ ತಂಗಿಗೆ ಫೋನ್ ಮಾಡಿದ್ದು ನಂಗೆಂತ ಗೊತ್ತು? ಅವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ, ಕ್ಯಾಮಿಲಸಾ. ಮದುವೆಯಾದಲ್ಲಿಂದ ಹೀಗೇ."

ಆಶ್ಲೆ ಕ್ಯಾಲೆಂಡರ್ ನೋಡಿದ. "ಸೋ, ಗೆದ್ದ ವಾರ ಇಬ್ರಿಗೂ ಬೇಡ? ನೈಸ್, ಅದು ನಾನು ತಗೊಳ್ತೇನೆ. ಮುಂದಿನ ವಾರಕ್ಕೆ ಮತ್ತೆ ಒಬ್ರೇ. ನಾಳೆ ಸಂಜೆ ರೀಮ್ಯಾಚ್. ಯಲ್ಲಾ, ಹೊರಡಿ."

ಅವನು ದೊಡ್ಡ ತೆರೆ ಆರಿಸಿ ಹೋದ. ಕ್ಯಾಮಿಲಸ್ ಕೊರಗಪ್ಪಣ್ಣನ ಕಡೆ ನೋಡಿದ. ಅವರು ಆಗಲೇ ಹರ್ಷಿತನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅವನ ಮೊಬೈಲನ್ನು ಎರಡು ಬೆರಳಲ್ಲಿ ದೂರ ಹಿಡಿದಿದ್ದರು.

"ಬಂಡೆಯಾ? ಎಂತ ಮಾರಾಯ. ನಿನ್ನ ಟೀಮಲ್ಲಿ ಹೊಡಿಯುವವ ಒಬ್ಬನಾದ್ರೂ ಉಂಟಾ?"

"ಕೊರಗಪ್ಪಣ್ಣ," ಎಂದ ಕ್ಯಾಮಿಲಸ್, "ನೀವು ಯಾರ ಕಡೆ?"

"ನಾನು ಎಲ್ಲರ ಕಡೆಯೂ ಉಂಟಲ್ಲ ಮಾರಾಯ. ಊರಿನವರಿಗೆ ಇಲ್ಲ ಅನ್ಲಿಕ್ಕೆ ಆಗ್ತದಾ?"

ಕ್ಯಾಮಿಲಸ್ ಬ್ಯಾಗು ಹೆಗಲಿಗೇರಿಸಿ ಲಿಫ್ಟಿನ ಮುಂದೆ ಹೋಗಿ ನಿಂತ. ಜಿಪ್ಪು ಹಾಕಲು ಮರೆತಿದ್ದ ಬ್ಯಾಗಿನಿಂದ ಕೊಡೆ ಜಾರಿ ನೆಲಕ್ಕೆ ಬಿದ್ದು ತನ್ನಷ್ಟಕ್ಕೆ ಬಿಚ್ಚಿಕೊಂಡಿತು.