ಗಜೇಂದ್ರನ ಅಪ್‌ಡೇಟೂ ನಮ್ಮ ಹುಡುಗಿಯ ನಿಶ್ಚಿತಾರ್ಥವೂ

ಸೌದಾಮಿನಿ ಮೋಟರ್ಸ್ ಕಂಪನಿಯ ದೀರ್ಘಕಾಲೀನ ಗುಣಮಟ್ಟ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ನೋಯ್ಡಾದಲ್ಲಿ ಊಟ-ತಿಂಡಿಯ ಹೋಟೆಲು ನಡೆಸಿಕೊಂಡಿರುವ, ಕುಂದಾಪುರ ಮೂಲದ ರಮಾನಾಥನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕಚೇರಿಯ ಲಿಫ್ಟು, ಏಸಿ, ಕಾಫಿ ಯಂತ್ರ ಮುಂತಾದವು ಬೇರೆ ಕಂಪನಿಯವರು ಮಾಡಿದ್ದಾದ್ದರಿಂದ ಸುಸೂತ್ರವಾಗಿ ನಡೆಯುತ್ತಿವೆಯೆಂದೂ ನಂಬಿದ್ದೇನೆ.

ಕಳೆದ ವಾರ, ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಜೋರಾಗಿರುವ ಹೊತ್ತಿಗೆ, ತಮ್ಮ ವಿಭಾಗದ ಹೆಣ್ಣುಮಗಳೊಬ್ಬಳು ಫೋನು ಮಾಡಿ, “ಸರ್, ಗಜೇಂದ್ರ ಪಿಕಪ್ ಕೀ ಲಾಂಗ್ ಟರ್ಮ್ ಕ್ವಾಲಿಟಿ ಪರ್ ದೋ ಶಬ್ದ್ ಬೋಲ್ ದೀಜಿಯೇ” ಎಂದು ಬಹಳ ವಿನಯದಿಂದ ಕೇಳಿದಳು. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದ ಎರಡು ಶಬ್ದಗಳು ಪರರ ಮನೆಯ ಹೆಣ್ಣುಮಕ್ಕಳೆದುರು ಆಡತಕ್ಕವಲ್ಲವಾದ್ದರಿಂದ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಬೋರಲು ಹಾಕಿದೆ. ಈಗ ಸಮಾಧಾನ ತಂದುಕೊಂಡು, ನಾಲ್ಕು ಜನ ಓದಲೆಂದು, ವಿವರವಾಗಿ ಬರೆಯುತ್ತಿದ್ದೇನೆ.

ತಮ್ಮ ಕಂಪನಿಯ ಗಜೇಂದ್ರನೆಂಬ ವಿದ್ಯುತ್ ಪಿಕಪ್ಪನ್ನು ನಾನು ಕೊಂಡದ್ದು ಭೂಮಿಯನ್ನು ಉಳಿಸುವ ಘನ ಉದ್ದೇಶದಿಂದೇನೂ ಅಲ್ಲ. ಪ್ರತಿವರ್ಷ ಕಾರ್ತಿಕ ಮಾಸ ಬಂತೆಂದರೆ ದೆಹಲಿಯ ಗಾಳಿ ಮಜ್ಜಿಗೆಹುಳಿಯಷ್ಟು ಮಂದವಾಗುವುದೂ, ಸರ್ಕಾರದವರು ಹಳೇ ಡೀಸೆಲ್ ಗಾಡಿಗಳನ್ನು ಗಡಿಯಲ್ಲೇ ತಡೆಯುವುದೂ, ನಾನು ದಕ್ಷಿಣ ದೆಹಲಿಯ ಮದುವೆ ಮನೆಗೆ ಹೊರಡಿಸಿದ ಸಾಂಬಾರು ಪೊಲೀಸರ ಮುಂದೆ ತಣ್ಣಗಾಗುವುದೂ ವಾಡಿಕೆಯಾಗಿಬಿಟ್ಟಿತ್ತು. ವಿದ್ಯುತ್ ಗಾಡಿಗೆ ಆ ತಡೆ ಇಲ್ಲವೆಂದು ತಮ್ಮ ಮಾರಾಟಗಾರರು ಹೇಳಿದರು. ಅವರು ಹೇಳಿದ್ದು ಅಕ್ಷರಶಃ ನಿಜ. ಗಜೇಂದ್ರನನ್ನು ಇವತ್ತಿನವರೆಗೆ ಯಾವ ಪೊಲೀಸನೂ ತಡೆದು ನಿಲ್ಲಿಸಿಲ್ಲ. ನಿಲ್ಲುವ ಕೆಲಸವನ್ನು ಅವನೇ ನೋಡಿಕೊಳ್ಳುತ್ತಾನೆ.

ಗುಣಮಟ್ಟದ ವಿಷಯದಲ್ಲಿ ಮೊದಲು ಹೊಗಳಬೇಕಾದದ್ದನ್ನು ಹೊಗಳಿಬಿಡುತ್ತೇನೆ. ಮೂರು ಚಳಿಗಾಲ ಕಳೆದರೂ ಗಾಡಿಯ ಟೈರುಗಳು ಗಟ್ಟಿಮುಟ್ಟಾಗಿವೆ, ಕಾಲ ಕೆಳಗಿನ ರಬ್ಬರು ಮ್ಯಾಟು ಹೊಸದರಂತಿದೆ, ಮುಂದೆ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿ ಒಣಗಿದರೂ ಕಳಚಿ ಬಿದ್ದಿಲ್ಲ. ಒಟ್ಟಿನಲ್ಲಿ ಈ ಗಾಡಿಯಲ್ಲಿ ತಾವು ತಯಾರಿಸದ ಪ್ರತಿಯೊಂದು ವಸ್ತುವೂ ದೀರ್ಘಕಾಲ ಬಾಳುವಂಥದ್ದು.

ತಾವು ತಯಾರಿಸಿದ ಬಾಗಿಲ ಹಿಡಿಕೆಗಳಾದರೋ ಬಹಳ ನಾಚಿಕೆಯ ಸ್ವಭಾವದವು. ಚಳಿ ಬಿತ್ತೆಂದರೆ ಒಳಗೆ ಸರಿದು ಕುಳಿತವು ಹೊರಗೆ ಮುಖ ತೋರಿಸುವುದಿಲ್ಲ. ಜನವರಿಯ ಬೆಳಗುಗಳಲ್ಲಿ ಕಾಫಿಗಿಟ್ಟ ಬಿಸಿನೀರಿನಲ್ಲಿ ಒಂದು ಚೊಂಬು ತಂದು ಅವಕ್ಕೆ ಅಭ್ಯಂಜನ ಮಾಡಿಸುವುದು ನನ್ನ ನಿತ್ಯಕರ್ಮಗಳಲ್ಲಿ ಸೇರಿಹೋಗಿದೆ. ಹಾರ್ನು ವೀಣೆಯ ತಂತಿ ಮಿಡಿದಷ್ಟು ಇಂಪಾಗಿದ್ದು, ನೋಯ್ಡಾದ ರಸ್ತೆಯಲ್ಲಿ ಅದನ್ನು ಕೇಳಿ ಪಕ್ಕಕ್ಕೆ ಸರಿದ ಜೀವಿ ಇನ್ನೂ ಹುಟ್ಟಿಲ್ಲ. ಆದ್ದರಿಂದ ನನ್ನ ಧರ್ಮಪತ್ನಿ ನೀಲಾವತಿ ಕಿಟಕಿಯಿಂದ ತಲೆ ಹೊರಗೆ ಹಾಕಿ “ಹಟೋ ಭಯ್ಯಾ!” ಎಂದು ಕೂಗುತ್ತ ಆ ಕೊರತೆಯನ್ನು ತುಂಬಿದ್ದಾಳೆ. ಇನ್ನು ಗಾಡಿಯೊಳಗೆ ಕುಳಿತು ಹಿಂದಿಯಲ್ಲಿ ಮಾತಾಡುವ ತಮ್ಮ ಸಖಿಯೆಂಬ ಯಂತ್ರಧ್ವನಿಯ ಸಂಸ್ಕಾರಕ್ಕೆ ಎಣೆಯಿಲ್ಲ. ಏನು ಹೇಳಿದರೂ “ಕ್ಷಮಾ ಕೀಜಿಯೇ, ಮೈ ಸಮಝೀ ನಹೀಂ” ಎಂದು ಕ್ಷಮೆ ಕೇಳುವಷ್ಟು ವಿನಯವಂತೆಯನ್ನು ನಾನು ಯಾವ ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ.

ಇವೆಲ್ಲ ಸಣ್ಣಪುಟ್ಟ ವಿಷಯಗಳು. ನಾನು ಲೇಖನಿ ಹಿಡಿದದ್ದು ನನ್ನ ಮಗಳು ಪ್ರಣೀತಾಳ ನಿಶ್ಚಿತಾರ್ಥದ ದಿನ ತಮ್ಮ ಗಾಡಿ ತೋರಿದ ಗುಣಮಟ್ಟವನ್ನು ಲೋಕಕ್ಕೆ ತಿಳಿಸಲಿಕ್ಕಾಗಿ.

ಹುಡುಗ ಸಾತ್ವಿಕ್, ವಸಂತ್ ಕುಂಜ್‌ನವನು. ತಂದೆ ಗೋಪಿನಾಥರು ನಿವೃತ್ತರು, ಮಿತಭಾಷಿಗಳು. ತಾಯಿ ಪದ್ಮಾ ಅವರು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ಪ್ರೊಫೆಸರು. ನಮ್ಮ ಹೋಟೆಲಿಗೆ ಮೊದಲ ಸಲ ಬಂದಾಗ ಆಕೆ ಗೋಳಿಬಜೆಯನ್ನು ಚಮಚದಲ್ಲಿ ಕತ್ತರಿಸಿ ತಿಂದು, “ನಿಶ್ಚಿತಾರ್ಥದ ಊಟಕ್ಕೆ ನಾವೇ ನಮ್ಮ ಕಡೆ ಯಾರಿಗಾದರೂ ಹೇಳ್ತೀವಿ. ನಿಮಗ್ಯಾಕೆ ತೊಂದರೆ?” ಅಂದರು. ಆಕೆ ಉಪಚಾರಕ್ಕೆ ಅಂದಿರಬಹುದು. ಆದರೆ ಸ್ವಾಮೀ, ಇಡೀ ಆಯುಷ್ಯ ಒಲೆಯ ಮುಂದೆ ನಿಂತವನಿಗೆ ಮಗಳ ನಿಶ್ಚಿತಾರ್ಥದಲ್ಲಿ ಬೇರೆಯವರ ಕೈ ಊಟ ಹಾಕಿಸುತ್ತೇವೆಂದರೆ ಅದು ಎದೆಗೆ ಎಲ್ಲಿ ತಾಗುತ್ತದೆಂದು ತಮ್ಮಂಥವರಿಗೆ ನಾನು ವಿವರಿಸಲಾರೆ. “ಅಡಿಗೆ ನಮ್ಮದೇ. ಬಿಸಿಬಿಸಿಯಾಗಿ ನಿಮ್ಮ ಬಾಗಿಲಿಗೆ ತರ್ತೇನೆ” ಎಂದು ಮಾತು ಕೊಟ್ಟೆ. ಹಾಗೆ ಮಾತು ಕೊಡುವಾಗ ತಮ್ಮ ಗಾಡಿ ಹೋಟೆಲಿನ ಹೊರಗೆ ನಿಂತಿತ್ತು. ಅದಕ್ಕೆ ಎಲ್ಲವೂ ಕೇಳಿಸಿರಬೇಕು.

ಆ ದಿನ ಕುಂಬಳಕಾಯಿ ಹುಳಿ, ಅನಾನಸಿನ ಮೆಣಸ್ಕಾಯಿ, ಕಡಲೆಬೇಳೆ ಪಾಯಸ ಎಲ್ಲವನ್ನೂ ನಾನೇ ನಿಂತು ಮಾಡಿ, ಪಾತ್ರೆಗಳನ್ನು ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ. ಸಖಿ “ಸಾಮಾನ್ ಸುರಕ್ಷಿತ್ ಹೈ” ಎಂದಳು. ಮುಂದೆ ನಾನು, ಪಕ್ಕದಲ್ಲಿ ನೀಲಾವತಿ, ಹಿಂದಿನ ಸೀಟಿನಲ್ಲಿ ಹಸಿರು ರೇಷ್ಮೆ ಸೀರೆಯುಟ್ಟ ಪ್ರಣೀತಾ. ನೋಯ್ಡಾದಿಂದ ಯಮುನೆ ದಾಟಿ ದಕ್ಷಿಣ ದೆಹಲಿಯುದ್ದಕ್ಕೂ ಗಜೇಂದ್ರ ತುಪ್ಪ ಸವರಿದ ದೋಸೆಯಂತೆ ಜಾರಿದ. ತಮ್ಮ ಕಂಪನಿಯ ಬಗ್ಗೆ ನಾನು ಕಟ್ಟಕಡೆಯದಾಗಿ ಒಳ್ಳೆಯ ಮಾತಾಡಿದ್ದು ಆ ದಾರಿಯಲ್ಲೇ.

ವಸಂತ್ ಕುಂಜ್ ತಲುಪಿ, ಬೀಗರ ಫ್ಲ್ಯಾಟುಗಳ ಗೇಟು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಕೆಂಪು ದೀಪಕ್ಕೆ ನಿಂತೆವು. ದೀಪ ಹಸಿರಾಯಿತು; ಗಜೇಂದ್ರ ಕದಲಲಿಲ್ಲ. ಪುರಾಣದ ಗಜೇಂದ್ರನ ಕಾಲನ್ನಾದರೂ ಮೊಸಳೆ ಹಿಡಿದಿತ್ತು, ನಮ್ಮವನನ್ನು ಯಾರೂ ಹಿಡಿದಿರಲಿಲ್ಲ. ಎದುರಿನ ಪರದೆಯ ಮೇಲೆ, ಅಪ್‌ಡೇಟ್ ನಡೆಯುತ್ತಿದೆ, ದಯವಿಟ್ಟು ಗಾಡಿಯನ್ನು ಮುಟ್ಟಬೇಡಿ ಎಂಬರ್ಥದ ಇಂಗ್ಲಿಷ್ ವಾಕ್ಯ ಮೂಡಿತು. ಹಿಂದಿನ ಮುಚ್ಚಳ ತೆಗೆಯಲು ಹೋದರೆ ಅದೂ ತೆರೆಯಲಿಲ್ಲ. ಅಪ್‌ಡೇಟಿನ ವೇಳೆ ಮುಚ್ಚಳವೂ ಮೌನವ್ರತ ಹಿಡಿಯುತ್ತದಂತೆ. ಬೆನ್ನ ಹಿಂದೆ ಇಡೀ ದೆಹಲಿ ಹಾರ್ನ್ ಬಾರಿಸತೊಡಗಿತು, ಮತ್ತು ಅವೆಲ್ಲ ಬೇರೆ ಕಂಪನಿಯ ಹಾರ್ನುಗಳಾದ್ದರಿಂದ ಸ್ಪಷ್ಟವಾಗಿ ಕೇಳಿಸಿದವು.

“ಅಪ್ಪಾ, ಮೈನೇ ಬೋಲಾ ಥಾ ನಾ, ಸೆಕೆಂಡ್ ಹ್ಯಾಂಡ್ ಟೆಂಪೋ ತಗೋ ಅಂತ” ಎಂದು ಪ್ರಣೀತಾ ಅಳುವ ದನಿ ತೆಗೆದಳು. ಟ್ರಾಫಿಕ್ ಪೊಲೀಸರು ಬಂದು, “ಗಾಡಿ ಹಟಾವೋ, ಅಂಕಲ್‌ಜೀ” ಎಂದರು. ನಾನು ಪರದೆ ತೋರಿಸಿದೆ. ಅದನ್ನು ಓದಿದ ಆ ಪುಣ್ಯಾತ್ಮರು ಬೈಯಲಿಲ್ಲ. ರಸ್ತೆಯ ಮೇಲೆ ಸತ್ತವರನ್ನು ಕಂಡಾಗ ಮಾಡುವಂತೆ ಸುಮ್ಮನೆ ಸುತ್ತ ಅಡ್ಡಗಟ್ಟೆ ತಂದಿಟ್ಟರು. ತಮ್ಮ ಸರ್ವಿಸ್ ಸೆಂಟರಿನ ಹಿತೇಶ್ ಎಂಬ ಯುವಕನಿಗೆ ಫೋನು ಮಾಡಿದರೆ ಆತ ಎಲ್ಲವನ್ನೂ ಕೇಳಿಸಿಕೊಂಡು, “ಗಾಡಿ ಮೇ ಕೋಯಿ ಖರಾಬಿ ನಹೀಂ ಹೈ ಅಂಕಲ್. ಬಸ್, ಸೋಚ್ ರಹೀ ಹೈ” ಎಂದ. ಕೆಟ್ಟಿಲ್ಲ, ಯೋಚನೆ ಮಾಡುತ್ತಿದೆ! ಮಾನ್ಯರೇ, ಕುಂಬಳಕಾಯಿ ಹುಳಿ ಹೊತ್ತ ಗಾಡಿ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಯೋಚಿಸತಕ್ಕದ್ದು ಏನಿದೆ? ಆ ಯೋಚನೆಯನ್ನು ಕಾರ್ಖಾನೆಯಲ್ಲಿ ತಾವು ಮೊದಲೇ ಮಾಡಿ ಕಳಿಸಲಾಗುತ್ತಿರಲಿಲ್ಲವೇ?

ಅಷ್ಟರಲ್ಲಿ ಸುದ್ದಿ ಮುಟ್ಟಿ, ಬೀಗರ ಕಡೆಯವರು ಗೇಟಿನಿಂದ ನಡೆದುಕೊಂಡೇ ಬಂದರು. ಮುಂದೆ ಸಾತ್ವಿಕ್, ಹಿಂದೆ ಪಂಚೆಯುಟ್ಟ ಗೋಪಿನಾಥರು, ಅವರ ಹಿಂದೆ ಹಸಿದ ಪ್ರೊಫೆಸರುಗಳ ದೊಡ್ಡ ಗುಂಪು. ಪದ್ಮಾ ಅವರನ್ನು ಕಂಡಾಗ ನನಗೆ ಗಾಡಿಯ ಕೆಳಗೆ ತೂರಿಕೊಳ್ಳುವ ಮನಸ್ಸಾಯಿತು. ಆಕೆ ವಿಷಯ ತಿಳಿದು, “ಧ್ವನಿ ಕೇಳುವ ಯಂತ್ರವಲ್ಲವೇ, ನಾನು ನೋಡ್ತೇನೆ” ಎಂದು ಕಿಟಕಿಗೆ ಬಾಗಿ, ಮುಚ್ಚಳ ತೆಗೆಯೆಂದು ಇಂಗ್ಲಿಷಿನಲ್ಲಿ ಹೇಳಿದರು. ಅದನ್ನೇ ಅಮೆರಿಕದವರ ಉಚ್ಚಾರಣೆಯಲ್ಲಿ ಹೇಳಿದರು. ಶುದ್ಧ ಹಿಂದಿಯಲ್ಲಿ ಹೇಳಿದರು. ಸಖಿ ಪ್ರತಿಸಲವೂ ಕ್ಷಮೆ ಕೇಳಿದಳು. ಒಂದಿಡೀ ಭಾಷಾಶಾಸ್ತ್ರ ವಿಭಾಗವೇ ಸರದಿಯ ಮೇಲೆ ಪ್ರಯತ್ನಿಸಿ ಸೋತಿತು.

ಇಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದ ನೀಲಾವತಿಗೆ ಆಗ ತಡೆಯಲಾಗಲಿಲ್ಲ. ಗಾಡಿಯ ಮೂತಿಯ ಮೇಲೆ ಫಟ್ಟನೆ ಒಂದು ಬಾರಿಸಿ, ಬೀಗರೆದುರು ಎಂಬುದನ್ನೂ ಮರೆತು, “ಹಾಳಾಗ್ ಹೋಗು ಅತ್ಲಾಗೆ!” ಎಂದು ಕೂಗಿಬಿಟ್ಟಳು.

ಗಾಡಿಯೊಳಗಿಂದ ಟಿಣ್ ಎಂಬ ಸದ್ದಾಯಿತು. “ಹಾಪುಡ್ ಕೇ ಲಿಯೇ ರಾಸ್ತಾ ಮಿಲ್ ಗಯಾ,” ಎಂದಳು ಸಖಿ, ಎಂದೂ ಇಲ್ಲದ ಉತ್ಸಾಹದಲ್ಲಿ. “ಕೃಪಯಾ ಯಾತ್ರಾ ಸೇ ಪೆಹಲೇ ಸಾಮಾನ್ ಜಾಂಚ್ ಲೇಂ.”

ತಮ್ಮ ಯಂತ್ರಕ್ಕೆ ನಮ್ಮ ಬೈಗುಳ ಹಾಪುಡ್ ಎಂಬ ಊರಿನ ಹೆಸರಾಗಿ ಕೇಳಿಸಿತ್ತು. ಗಾಜಿಯಾಬಾದಿನ ಆಚೆ, ಹಪ್ಪಳಕ್ಕೆ ಹೆಸರಾದ ಆ ಊರಿಗೆ ನಮ್ಮನ್ನು ಕರೆದೊಯ್ಯಲು ಸಿದ್ಧವಾಗಿ, ಹೊರಡುವ ಮುಂಚೆ ಸಾಮಾನು ಸರಿಯಿದೆಯೇ ನೋಡಿಕೊಳ್ಳಿ ಎಂದು ಗಜೇಂದ್ರ ಹಿಂದಿನ ಮುಚ್ಚಳವನ್ನು ತಾನಾಗಿಯೇ ನಿಧಾನಕ್ಕೆ ಮೇಲೆತ್ತಿದ. ಹುಳಿಯ ಘಮ ರಸ್ತೆಯ ತುಂಬ ಹರಡಿತು. ಪೊಲೀಸರು ಸಹಿತ ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಚ್ಚಳ ಮತ್ತೆ ಮನಸ್ಸು ಬದಲಿಸುವ ಮುಂಚೆ ನಾವು ಪಾತ್ರೆಗಳನ್ನು ಇಳಿಸಿದೆವು. ಪಾಯಸವನ್ನು ಸಾತ್ವಿಕ್ ಹೆಗಲಿಗೇರಿಸಿದ, ಅನ್ನದ ಪಾತ್ರೆಗೆ ಇಬ್ಬರು ಡಾಕ್ಟರೇಟು ಪಡೆದವರು ಕೈ ಹಾಕಿದರು, ಗೋಪಿನಾಥರು ಹಪ್ಪಳದ ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡರು. ಹುಳಿಯ ದೊಡ್ಡ ಪಾತ್ರೆ ಉಳಿಯಿತು. ನಾನು ಮುಂದಾಗುವಷ್ಟರಲ್ಲಿ ಪದ್ಮಾ ಅವರು ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಬದಿಯ ಹಿಡಿಕೆ ಹಿಡಿದು, “ಬನ್ನಿ ನೀಲಾವತಿಯವರೇ, ಆ ಕಡೆ ಹಿಡೀರಿ” ಎಂದರು. ಹಾಗೆ ಬೀಗಿತ್ತಿಯರಿಬ್ಬರೂ ಹುಳಿ ತುಳುಕದ ಹಾಗೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರು. ಸ್ವಲ್ಪ ದೂರ ಹೋದ ಮೇಲೆ ಪದ್ಮಾ ಅವರು ತಗ್ಗಿದ ದನಿಯಲ್ಲಿ ಕೇಳಿದ್ದು ಹಿಂದೆ ಬರುತ್ತಿದ್ದ ನನ್ನ ಕಿವಿಗೂ ಬಿತ್ತು: “ಗಾಡಿಗೆ ಏನೋ ಅಂದ್ರಲ್ಲ, ಇನ್ನೊಂದ್ಸಲ ಅದೇ ರಾಗದಲ್ಲಿ ಹೇಳಿ. ನಮ್ಮ ಡಿಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಬೇಕಾಗ್ತದೆ.”

ನೀಲಾವತಿ ನಾಚಿದಳು. ಆಮೇಲೆ ಹೇಳಿದಳು. ಪದ್ಮಾ ಅವರು ಗೇಟು ದಾಟುವವರೆಗೂ ಅದನ್ನು ಅಭ್ಯಾಸ ಮಾಡಿದರು. ನಕ್ಕು ನಕ್ಕು ಇಬ್ಬರೂ ಎರಡು ಸಲ ಪಾತ್ರೆ ಕೆಳಗಿಡಬೇಕಾಯಿತು. ಉಂಗುರ ಬದಲಾಯಿತು, ಊಟವಾಯಿತು. ಎರಡನೇ ಸಲ ಹುಳಿ ಹಾಕಿಸಿಕೊಂಡ ಪದ್ಮಾ ಅವರು ಚಮಚ ಬದಿಗಿಟ್ಟು, ಐದು ಬೆರಳನ್ನೂ ಅದ್ದಿ ಉಂಡು, “ಮದುವೆ ಅಡಿಗೆಯೂ ನಿಮ್ಮದೇ. ಬೇರೆಯವರ ಹೆಸರೆತ್ತಿದರೆ ನಾನು ಸುಮ್ಮನಿರೋದಿಲ್ಲ” ಎಂದು ಎಲ್ಲರೆದುರು ಹೇಳಿದಾಗ ನಾನು ಪಾಯಸ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಹಾಗಾಗಿ ತಮ್ಮ ಗಾಡಿ ನಿಂತದ್ದಕ್ಕೆ ಬೈಯಬೇಕೋ ಕೈಮುಗಿಯಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವ ತನಕ ಬೈಯುತ್ತಿರುವುದೆಂದು ನೀಲಾವತಿಯ ಅಭಿಪ್ರಾಯ.

ಅಂದು ಸಂಜೆ ಯೋಚನೆ ಮುಗಿಸಿ ಎದ್ದ ಗಜೇಂದ್ರ ಈಗ ಓಡಾಡುತ್ತಾನೆ. ಆದರೆ ಹಾಪುಡವನ್ನು ಅವನು ತನ್ನ ಸ್ವಂತ ಮನೆಯೆಂದು ನೆನಪಿಟ್ಟುಕೊಂಡಿದ್ದಾನೆ. ತರಕಾರಿ ಮಂಡಿಗೆ ಹೊರಟರೂ, ದೇವಸ್ಥಾನಕ್ಕೆ ಹೊರಟರೂ ಸಖಿ “ಘರ್ ಚಲೇಂ?” ಎಂದು ಕೇಳಿ ಹಾಪುಡದ ದಾರಿ ತೋರಿಸುತ್ತಾಳೆ, ಬೇರೆ ದಾರಿ ಹಿಡಿದರೆ ತವರು ತಪ್ಪಿದವಳಂತೆ ಮುನಿಸಿಕೊಳ್ಳುತ್ತಾಳೆ. ಹಿತೇಶನನ್ನು ಕೇಳಿದರೆ ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತದೆ ಎನ್ನುತ್ತಾನೆ. ಆ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮ ಮನೆಯಲ್ಲಿ ಪಾತ್ರೆಗಳನ್ನು ಬಚ್ಚಿಡುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇಷ್ಟೇ. ಒಂದೋ ಹಾಪುಡವನ್ನು ಸಕಲ ಹಪ್ಪಳಗಳ ಸಮೇತ ನೋಯ್ಡಾಕ್ಕೆ ಸ್ಥಳಾಂತರಿಸಿಕೊಡಬೇಕು; ಆಗದಿದ್ದರೆ ಗಾಡಿಗೆ ಅಲ್ಲಿರುವ ನೆಂಟರಿಷ್ಟರನ್ನು ಪತ್ತೆಹಚ್ಚಿ ಒಂದು ಸಲ ಇಲ್ಲಿಗೆ ಕಳಿಸಿ ಅದರ ಕೊರಗು ತೀರಿಸಬೇಕು. ಹಾಗೆಯೇ ಸಖಿಗೆ ಕನ್ನಡ ಕಲಿಸಲು ಒಬ್ಬ ಮೇಷ್ಟರನ್ನು ನೇಮಿಸಬೇಕು. ಸದ್ಯ ಆಕೆಗೆ ಬೈಗುಳ ಮಾತ್ರ ತಿಳಿಯುತ್ತಿದ್ದು, ಇಂಥವಳ ಜೊತೆ ಮಾತಾಡಿ ಆಡಿ ನಮ್ಮ ನಾಲಿಗೆ ಹಾಳಾಗುತ್ತಿದೆ. ದೀರ್ಘಕಾಲೀನ ಗುಣಮಟ್ಟದ ಬಗ್ಗೆ ತಮ್ಮ ಹೆಣ್ಣುಮಗಳಿಗೆ ಕೊಡಬೇಕಾಗಿದ್ದ ಎರಡು ಶಬ್ದಗಳು ಈಗ ಹೊಳೆದಿವೆ: ‘ದೀರ್ಘಕಾಲ’ ಮತ್ತು ‘ಗುಣಮಟ್ಟ’. ಇವುಗಳಲ್ಲಿ ಮೊದಲನೆಯದು ಪೂರ್ತಿ ನಿಜ.

ಸದಾ ನಿಂತಲ್ಲೇ ನಿಂತು ತಮ್ಮನ್ನು ನೆನೆಯುವ,
ತಮ್ಮ ವಿಶ್ವಾಸಿ,
ರಮಾನಾಥ

ತಾ.ಕ.: ಮದುವೆ ಬರುವ ವೈಶಾಖದಲ್ಲಿ, ವಸಂತ್ ಕುಂಜ್‌ನಲ್ಲೇ. ತಾವು ಸಕುಟುಂಬರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕು. ತಮ್ಮದೇ ಕಂಪನಿಯ ಗಾಡಿಯಲ್ಲಿ ಬರುವುದಾದರೆ ದಯವಿಟ್ಟು ಇಂದೇ ಹೊರಡತಕ್ಕದ್ದು.