ನಮ್ಮತ್ತೆಯ ಆಡುಸಂಸಾರ

ನಮ್ಮತ್ತೆ, ಅಂದರೆ ನನ್ನ ಗಂಡನನ್ನು ಹೆತ್ತ ಮಹಾತಾಯಿ, ಜೀವಮಾನದಲ್ಲಿ ಒಬ್ಬ ಮನುಷ್ಯನನ್ನೂ ಬಹುವಚನದಲ್ಲಿ ಕರೆದವರಲ್ಲ. ಮಗ ‘ಲೇ’, ಸೊಸೆ ‘ಏನಮ್ಮೀ’, ಊರ ಗೌಡರು ಕೂಡ ‘ಬಾರಪ್ಪ’. ಹಾಗಾದರೆ ಆಕೆಗೆ ಮರ್ಯಾದೆಯೇ ಗೊತ್ತಿರಲಿಲ್ಲವೇ? ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು! ಇದ್ದ ಮರ್ಯಾದೆಯಷ್ಟನ್ನೂ ಆಡಿಗೆ ಮೀಸಲಿಟ್ಟಿದ್ದರು. “ಅಮ್ಮಾವ್ರು ಎದ್ದವ್ರಾ? ಅಮ್ಮಾವ್ರು ನೀರು ಕುಡುದ್ರಾ?” ಎಂದು ಬೆಳಗಾದರೆ ವಿಚಾರಣೆ. ಮದುವೆಯಾಗಿ ಬಂದ ಹೊಸದರಲ್ಲಿ, ಈ ಮನೆಯಲ್ಲಿ ಇನ್ನೊಬ್ಬರು ಹಿರಿಯರಿದ್ದಾರೆಂದು ಹೆದರಿ, ತಲೆಗೆ ಸೆರಗು ಹೊದ್ದು ನಮಸ್ಕಾರ ಮಾಡಲು ಹಿತ್ತಲಿಗೆ ಹೋದೆ. ಅಲ್ಲಿ ಗಡ್ಡದ ಅಮ್ಮಾವ್ರು ಹುಣಿಸೆ ಸೊಪ್ಪು ಮೆಲ್ಲುತ್ತಿದ್ದರು!

ಮೆಟ್ಟೂರಲ್ಲಿ ಕಾವೇರಿಗೆ ಅಣೆಕಟ್ಟು ಎದ್ದು, ನಮ್ಮ ಊರು ನೀರಿನ ಪಾಲಾಗುವುದು ಖಚಿತವಾದಾಗ ಎಲ್ಲರೂ ಗಾಡಿಗೆ ಒರಳು, ಒನಕೆ, ಹಂಡೆ ಹೇರಿದರು. ನಮ್ಮ ಗಾಡಿಯಲ್ಲಿ ಅಮ್ಮಾವ್ರು ಕೂತರು. ಜಾಗ ಸಾಲದೆ ನನ್ನ ತವರಿನ ಪೆಟ್ಟಿಗೆ ಕೆಳಗಿಳಿಯಿತು.

“ಅತ್ತೆ, ನನ್ನ ಪೆಟ್ಟಿಗೆ!” ಎಂದೆ.

“ಪೆಟ್ಟಿಗೆ ಮರಿ ಆಕ್ತದೇನಮ್ಮೀ?”

ಪೆಟ್ಟಿಗೆ ಮರಿ ಹಾಕಿದ್ದನ್ನು ನಾನಂತೂ ನೋಡಿರಲಿಲ್ಲ.

ಓಮಲೂರಿನ ನೇಕಾರರ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತು. ನನ್ನ ಗಂಡ ಗಾಡಿ ಹೊಡೆಯುವ ಕೂಲಿಗೆ ಹೋದರು. ನಾನೂ ಅತ್ತೆಯೂ ಕೋಣೆ ಕೊಟ್ಟ ಮನೆಯವರಿಗೆ ನೂಲು ಸುತ್ತಿಕೊಡುತ್ತಿದ್ದೆವು. ಒಂದು ಬೆಳಿಗ್ಗೆ ಮನೆಯ ಯಜಮಾನ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಲು ಬಿಟ್ಟಿದ್ದ. ಅಮ್ಮಾವ್ರು ಹಗ್ಗ ಬಿಚ್ಚಿಕೊಂಡು ಹೋಗಿ, ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ನೆಕ್ಕಿದರು.

“ಅಯ್ಯೋ, ಎಲ್ಲಾ ಕೆಟ್ಟೋಯ್ತಲ್ಲವ್ವಾ!” ಎಂದು ಯಜಮಾನ ತಲೆ ಚಚ್ಚಿಕೊಂಡ.

“ಗಂಜಿ ಚೆನ್ನಾಗಿತ್ತಂತೆ ಕಣಪ್ಪ. ಉಪ್ಪೊಂದು ಕಮ್ಮಿ ಆಯ್ತು ಅಂದ್ರು.”

ಹಾಗೆಂದ ಅತ್ತೆ, ಆ ದಿನ ಬಿಸಿಲಿನಲ್ಲಿ ನಿಂತು ಇಡೀ ನೂಲಿಗೆ ತಾವೇ ಮತ್ತೆ ಗಂಜಿ ಹಚ್ಚಿಕೊಟ್ಟರು. ಆ ಪುಣ್ಯಾತ್ಮ ಮರುದಿನದಿಂದ ಮಿಕ್ಕ ಗಂಜಿಯನ್ನು ಅಮ್ಮಾವ್ರಿಗೆಂದೇ ತೆಗೆದಿಡತೊಡಗಿದ, ಉಪ್ಪು ಹಾಕಿ!

ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ಇಳಿದು, ಮುಳುಗಿದ ಹೊಲಗಳ ಮೇಲೆ ಹುಲ್ಲು ಎದ್ದಿದೆ ಎಂಬ ಸುದ್ದಿ ಬಂತು. ಅತ್ತೆ ನೂಲಿನ ಉಂಡೆ ಕೆಳಗಿಟ್ಟರು. “ಅಮ್ಮಾವ್ರಿಗೆ ಈ ಊರ ನೀರು ಒಗ್ಗಾಕಿಲ್ಲ. ಓಗಾನ ನಡೀರಿ.” ಒಗ್ಗದಿದ್ದದ್ದು ಯಾರಿಗೆಂದು ನಮಗೆ ಗೊತ್ತಿತ್ತು. ಸುಮ್ಮನೆ ಗಂಟು ಕಟ್ಟಿದೆವು. ನೀರು ಏರದಷ್ಟು ಎತ್ತರದಲ್ಲಿ, ಗುಡ್ಡದ ಬುಡಕ್ಕೆ ಗುಡಿಸಲು ಹಾಕಿದೆವು. ಬಾಗಿಲಲ್ಲಿ ನಿಂತರೆ ಎದುರಿಗೆ ನೀರು. ಅದರ ಕೆಳಗೆಲ್ಲೋ ನಮ್ಮ ಹಳೆಯ ಮನೆ. ಕಣ್ಣು ಹಾಯುವವರೆಗೆ ಇನ್ನೊಂದು ಒಲೆಯ ಹೊಗೆ ಇರಲಿಲ್ಲ.

ಅಷ್ಟರಲ್ಲಿ ಅಮ್ಮಾವ್ರಿಗೆ ಹೆಣ್ಣುಮಕ್ಕಳಾಗಿ, ಬೆಳೆದು, ಅವರಿಗೂ ಬಹುವಚನ ಸಂದಿತ್ತು. ಒಂದು ದಿನ ಕಾಡಿನ ಕಾವಲುಗಾರ ಬಂದು, ಪೊದೆಯ ಆಚೆ ಯಾರೆಂದು ಗದರಿದ.

“ಬ್ಯಾರೆ ಯಾರೂ ಇಲ್ಲ ಕಣಪ್ಪ. ದೊಡ್ಡಮ್ಮಾವ್ರು, ಚಿಕ್ಕಮ್ಮಾವ್ರು, ಕರಿಯಮ್ಮಾವ್ರು. ಒಸಿ ಅಲ್ಲೇ ಕೂತವ್ರೆ.”

ಪೊದೆಯ ಮರೆಯಲ್ಲಿ ಹೆಂಗಸರು ಕೂತಿದ್ದಾರೆಂದರೆ ಪಾಪ, ಮಾನವಂತ ಏನು ಮಾಡಬೇಕು? ಮುಖ ಆ ಕಡೆ ತಿರುಗಿಸಿ, ನಾಚಿಕೊಂಡು, “ಎಲ್ಲಾರುಂ ವೆಳಿಯ ವಾಂಗಮ್ಮಾ!” ಎಂದು ತಮಿಳಿನಲ್ಲಿ ಕೂಗಿದ. ಎಲ್ಲರೂ ಹೊರಗೆ ಬಂದರು. ಒಬ್ಬರು ಅವನ ಪಂಚೆಯ ಅಂಚನ್ನೂ ರುಚಿ ನೋಡಿದರು. ತಿರುಗಿ ನೋಡಿದವನು ನಕ್ಕ ನಗುವಿಗೆ ರುಮಾಲು ಕಳಚಿ ಬಿತ್ತು. ಆಮೇಲೆ ಆತ ಎಲ್ಲಿ ಮೇಯಿಸಬಹುದು, ಎಲ್ಲಿ ಕೂಡದು ಎಂದು ತಾನೇ ಬಂದು ತೋರಿಸಿಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ಗಂಡುಮರಿಗಳನ್ನು ಮಾರದೆ ನಮ್ಮ ಹೊಟ್ಟೆ ತುಂಬುತ್ತಿರಲಿಲ್ಲ. ಸಂತೆಯ ದಿನ ನನ್ನ ಗಂಡ ಅವನ್ನು ಹೊಡೆದುಕೊಂಡು ಹೊರಟರೆ, ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತು ರಾಗಿ ಬೀಸುತ್ತಿದ್ದರು. ಬೀಸಿ ಮುಗಿದ ಹಿಟ್ಟನ್ನೇ ಮತ್ತೆ ಬೀಸುತ್ತಿದ್ದರು.

ಹೀಗಿರುವಾಗ ಮಾದಮ್ಮ ಬಂದಳು. ಹಳೆಯ ಊರಿನಲ್ಲಿ ನಮ್ಮ ಪಕ್ಕದ ಮನೆಯವಳು. ಏರ್ಕಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ, ಅಲ್ಲಿ ಜ್ವರಕ್ಕೆ ಗಂಡನನ್ನು ಕಳೆದುಕೊಂಡು, ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಹಿಡಿದು ವಾಪಸು ಬಂದಿದ್ದಳು. ಅತ್ತೆ ಅವಳಿಗೆ ಅಂಬಲಿ ಕೊಟ್ಟರು. ಆಮೇಲೆ ಎದ್ದು ಹೋಗಿ, ಗಬ್ಬವಾಗಿದ್ದ ಕರಿಯಮ್ಮಾವ್ರ ಹಗ್ಗವನ್ನು ಅವಳ ಕೈಗೆ ಕೊಟ್ಟುಬಿಟ್ಟರು!

ನನಗೆ ಮೈಯೆಲ್ಲಾ ಉರಿಯಿತು. ಮರಿ ಮಾರಿದರೇ ನಮಗೆ ಅಂಬಲಿ. “ಅತ್ತೆ, ನಾಳೆ ನಮ್ಗೇನು ಗತಿ?”

“ನಾವೊಬ್ರೇ ಇದ್ರೆ ಅದು ಊರಾ ಅಮ್ಮೀ?” ಎಂದವರು ಮಾದಮ್ಮನತ್ತ ತಿರುಗಿದರು. “ಮೊದ್ಲು ಉಟ್ಟೋ ಎಣ್ಣುಮರಿ ನಂಗೆ ಬ್ಯಾಡ. ನಿನ್ನಂಗೇ ಇನ್ನೊಬ್ಳು ಬತ್ತಾಳೆ, ಅವಳ್ಗೆ ಕೊಡು.”

ಬಂದಳು. ಅವಳ ಹಿಂದೆ ಮತ್ತೊಬ್ಬಳು. ಗುಡ್ಡದ ಬುಡದಲ್ಲಿ ಒಂದೊಂದೇ ಗುಡಿಸಲು ಎದ್ದು, ಒಂದೊಂದರ ಮುಂದೂ ಒಂದು ಆಡು ಅರಚತೊಡಗಿತು.

ಮಾದಮ್ಮ ಬಂದ ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ನನಗೆ ಹೆರಿಗೆಯಾಯಿತು. ಗಂಡುಮಗು. ಹಿಂದೆಯೇ ಜ್ವರ, ನನ್ನ ಎದೆಯಲ್ಲಿ ಹಾಲಿಲ್ಲ. ಚಿಕ್ಕಮ್ಮಾವ್ರು ಕಾಯಿಲೆ ಬಿದ್ದು ತೀರಿಹೋಗಿದ್ದರು, ದೊಡ್ಡಮ್ಮಾವ್ರಿಗೆ ಮುಪ್ಪಾಗಿ ಹಾಲು ಬತ್ತಿತ್ತು. ಅತ್ತೆ ಸಕ್ಕರೆ ನೀರಿನಲ್ಲಿ ಬಟ್ಟೆ ಅದ್ದಿ ಮಗುವಿನ ಬಾಯಿಗೆ ಹಿಡಿಯುತ್ತಿದ್ದರು. ಮಗು ಅಳುವುದನ್ನೂ ಕಡಿಮೆ ಮಾಡಿತು. “ಮಾದಮ್ಮನ ಕೇಳಿ ಅತ್ತೆ” ಎಂದೆ. “ಕೊಟ್ಟ ಮನೇಗೆ ಕೈ ಒಡ್ಡಾಕೆ ಓಗ್ಲಾ?” ಎಂದರು. ಆದರೆ ಹಾಗೆನ್ನುತ್ತಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದರು.

ಬಾಗಿಲು ದಾಟುವ ಮೊದಲೇ ಮಾದಮ್ಮ ಮಳೆಯಲ್ಲಿ ತೊಯ್ದು ಎದುರಾದಳು. ಕೈಯಲ್ಲಿ ಕರಿಯಮ್ಮಾವ್ರ ಹಗ್ಗ.

“ಕೂಸಿನ ದನಿ ಕೇಳಿಸ್ಲಿಲ್ಲ, ಅದ್ಕೇ ಬಂದೆ ದೊಡ್ಡವ್ವ” ಎಂದಳು.

ಒಳಗೇ ಕಟ್ಟಿ ಹಾಲು ಕರೆದು, ನೀರು ಬೆರೆಸಿ ಕಾಯಿಸಿ, ಒಳಲೆಯಲ್ಲಿ ಕುಡಿಸಿದರು. ಮಗು ಚಪ್ಪರಿಸಿತು. ಮತ್ತೆ ಬಾಯಿ ತೆರೆಯಿತು. ಮರುದಿನ ಇನ್ನೊಂದು ಗುಡಿಸಲಿನಿಂದ ಒಬ್ಬಳು ಚೊಂಬು ಹಿಡಿದು ಬಂದಳು. ಅದರ ಮರುದಿನ ಮತ್ತೊಬ್ಬಳು. ನಾನು ಎದ್ದು ಓಡಾಡುವವರೆಗೆ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಅವರೆಲ್ಲರ ಋಣದಲ್ಲೇ ನನ್ನ ಮಗ ಬೆಳೆದ.

ಆದರೆ ನನಗೆ ನೆನಪಾಗುವುದು ಆ ಮೊದಲ ಬೆಳಿಗ್ಗೆ. ಮಗು ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು. ಅತ್ತೆ ಅದರ ಬಾಯಿ ಒರೆಸಿ, ಅದೇ ಸೆರಗಿನಲ್ಲಿ ತಮ್ಮ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮಾದಮ್ಮ ಪಕ್ಕದಲ್ಲಿ ಕೂತು, ಅವರ ಬೆನ್ನ ಮೇಲೆ ಕೈಯಿಟ್ಟಳು. ಅತ್ತೆ ಆ ಕೈಯನ್ನು ಸರಿಸಲಿಲ್ಲ.