ಹೌದದೊಳಗಿನ ಹಡಗು

ನಮ್ಮ ಕಾಕಾ ಅಟ್ಟದ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ. ಊಟಕ್ಕೆ ಕೂತನೆಂದರೆ ಮಾತ್ರ ಹಡಗುಗಳನ್ನೇ ಗುಡ್ಡ ಹತ್ತಿಸಿಬಿಡುತ್ತಿದ್ದ!

ಎಪ್ಪತ್ತರ ದಶಕದ ಕೊನೆಯ ಮಾತಿದು. ಮುಂಬಯಿಯಲ್ಲಿ ಹಡಗು ಸೇರಿ, ಅದರ ಅಡುಗೆಮನೆಯಲ್ಲಿ ದುಡಿದು, ಕಾಕಾ ರವಿವಾರ ಪೇಟೆಯ ನಮ್ಮ ಮನೆಗೆ ಮರಳಿದ್ದ. ಪನಾಮಾ ಕಾಲುವೆಯ ಸುದ್ದಿ ಬಂತೆಂದರೆ ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ನಿಧಾನವಾಗಿ ಮೇಲೆತ್ತುತ್ತಿದ್ದ.

“ಹಿಂದ ಗೇಟು, ಮುಂದ ಗೇಟು, ನಡುವ ನಮ್ಮ ಹಡಗ. ನೀರ ಬಿಟ್ರಂದ್ರ ಹಡಗ ಮ್ಯಾಲ... ಮ್ಯಾಲ...”

ಅಂಗೈ ನೆತ್ತಿ ದಾಟುವಷ್ಟರಲ್ಲಿ ಅವ್ವ ಬಡಿಸಿದ ಸಾರು ಆರಿರುತ್ತಿತ್ತು.

ನಾನು ಬಿಡುವವನೇ? ಓಣಿಯ ಕಟ್ಟೆಯ ಮೇಲೆ ಹಾಗೆಯೇ ಕಣ್ಣು ಮುಚ್ಚಿ, ಕಾಕಾನ ಗೊಗ್ಗರು ದನಿಯಲ್ಲಿ ಹಡಗು ಏರಿಸುತ್ತಿದ್ದೆ. ಕನ್ನಡದಲ್ಲೊಂದು ಆಟ, ಮರಾಠಿಯಲ್ಲೊಂದು ಆಟ! ಪರೀಕ್ಷೆಯಲ್ಲಿ ಎರಡರಲ್ಲೂ ನಪಾಸಾಗುತ್ತಿದ್ದುದು ಬೇರೆ ವಿಷಯ.

ಕಾಕಾನನ್ನು ನಂಬಿದವಳು ಒಬ್ಬಳೇ, ನನ್ನ ಪುಟ್ಟ ತಂಗಿ ಕಮಲಿ. ನಂಬಿ ಸುಮ್ಮನಿರಬಾರದೇ? ಶಾಲೆಯಲ್ಲೂ ಹೇಳಿದಳು. ಹುಡುಗಿಯರೆಲ್ಲ ನಕ್ಕರು. ಅಳುತ್ತ ಬಂದು ಕಾಕಾನ ತಾಟಿನ ಮುಂದೆ ಕೂತಳು.

“ಕಾಕಾ, ಖರೇ ಹೇಳು. ಹಡಗ ಏರತಾವೋ ಇಲ್ಲೋ? ಸುಳ್ಳಿದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ.”

ಕಾಕಾ ಎತ್ತಿದ ತುತ್ತನ್ನು ತಾಟಿಗಿಳಿಸಿದ. “ರವಿವಾರ ಖಾನಾಪುರಕ್ಕ ಹೋಗೂಣು. ನಿನ್ನ ಹಡಗದಾಗ ಕುಂದ್ರಿಸಿ ಏರಸ್ತೀನಿ.”

ಖಾನಾಪುರದಲ್ಲಿ ನಮ್ಮ ಅತ್ತೆಯ ಹೊಲವಿತ್ತು. ಬಾವಿಯ ಪಕ್ಕ ಆಳೆತ್ತರದ ಹೌದ, ಅಂದರೆ ನೀರಿನ ತೊಟ್ಟಿ. ಪಂಪಿನ ನೀರು ಅದರಲ್ಲಿ ತುಂಬಿ ಗದ್ದೆಗೆ ಹೋಗುತ್ತಿತ್ತು. ಕಾಕಾ ಹೌದ ಬರಿದು ಮಾಡಿಸಿ, ತಳಕ್ಕೆ ಬೆಲ್ಲದ ಕೊಪ್ಪರಿಗೆ ಇಳಿಸಿದ.

“ಯಣ್ಣಾ, ಅದರಾಗ ಬೆಲ್ಲ ಕುದಿಸಬೇಕೋ!” ಅತ್ತೆ ಬಾಯಿ ಬಡಿದುಕೊಂಡಳು.

“ಹಡಗಕ್ಕ ಹಂಗೆಲ್ಲಾ ಅನಬಾರದು, ತಂಗೀ.”

ಕಾಕಾ, ಕಮಲಿ ಒಳಗೆ ಕೂತರು. ನಾನು ಪಂಪು ಚಾಲೂ ಮಾಡಿದೆ. ನೀರು ಬಿತ್ತು. ಕೊಪ್ಪರಿಗೆ ಅಲುಗಿತು, ಮೊಳದಷ್ಟು ಏರಿತು... ಕರೆಂಟು ಹೋಯಿತು!

“ಕಾಕಾ, ನಿಂತತಲ್ಲೋ!”

“ಮುಂದ ಮತ್ತೊಂದು ಹಡಗ ಐತಿ. ಪಾಳಿ ಕಾಯಬೇಕು.”

ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತ ಪಾಳಿ ಕಾದರು. ನಾನು ಹೌದದ ಗೋಡೆಯ ಮೇಲೆ ಕೂತು ಕಾಗೆಯಂತೆ ಕೂಗಿದೆ. ಕಡಲ ಹಕ್ಕಿಯ ದನಿ ನನಗೆಲ್ಲಿ ಗೊತ್ತು?

ಕರೆಂಟು ಬಂತು. ನಾನು ಹೊರಗೆ ಕೆಳಕ್ಕೆ ಜಿಗಿದು ನಿಂತೆ. ಮೊದಲು ಕಮಲಿಯ ರಿಬ್ಬನ್ನು ಗೋಡೆಯ ಮೇಲಕ್ಕೆ ಕಂಡಿತು, ಆಮೇಲೆ ಕಾಕಾನ ಬೋಳುತಲೆ. ಹಸಿರು ಗದ್ದೆ, ರೈಲು ಹಳಿ, ಆಚೆಯ ಗುಡ್ಡಗಳು ಒಂದೊಂದಾಗಿ ಅವರಿಬ್ಬರಿಗೂ ಕಂಡವು.

“ಏರಿತೋ! ಖರೇನ ಏರಿತೋ!” ಕಮಲಿ ಚೀರಿದಳು.

ಕಾಕಾ ಈಗ ಕಣ್ಣು ಮುಚ್ಚುತ್ತಾನೆ, ಅಂಗೈ ಎತ್ತುತ್ತಾನೆ, ನಾಳೆಯ ಆಟಕ್ಕೆ ಸರಕು ಸಿಕ್ಕಿತು ಎಂದು ನಾನು ಕಾದೆ. ಅವನು ಕಣ್ಣು ಮುಚ್ಚಲೇ ಇಲ್ಲ. ಕತ್ತು ಹೊರಳಿಸಿ ಹೊರಳಿಸಿ ಸುತ್ತಲೂ ನೋಡುತ್ತಿದ್ದ.

“ಕಾಕಾ, ಅಲ್ಲೂ ಹಿಂಗ ಕಾಣತಿತ್ತೇನು?”

“ಗೊತ್ತಿಲ್ಲವಾ. ಹಡಗ ಏರೂ ಮುಂದ ನಾ ಕೆಳಗ ಉಳ್ಳಾಗಡ್ಡಿ ಹೆಚ್ಚತಿದ್ದೆ. ಕಿಡಕಿ ಇರಲಿಲ್ಲ. ಏರೂದು ಕಾಲಿಗೆ ತಿಳೀತಿತ್ತು, ಅಷ್ಟ. ಉಳಿದದ್ದು ಮ್ಯಾಲಿನ ಮಂದಿ ಬಂದು ಹೇಳತಿದ್ರು.”

ಗುಡ್ಡ ಕಾಣುವ ಕಡೆ ಕೂತಿದ್ದ ಕಮಲಿ ಸರಿದು ಜಾಗ ಬಿಟ್ಟಳು.

“ಹಂಗಾರ ಇನ್ನೊಮ್ಮೆ ಏರೂಣು. ಈ ಸಲ ಇಲ್ಲಿ ನೀ ಕುಂದರು.”

ಬೈಯಲು ಬಾಯಿ ತೆರೆದ ಅತ್ತೆ ತಾನೇ ಹೋಗಿ ಪಂಪು ಬಂದ್ ಮಾಡಿದಳು. ಹಡಗು ಮತ್ತೆ ತಳಕ್ಕಿಳಿಯಲೆಂದು ನಾನು ಹೌದದ ತೂಬು ತೆರೆದೆ. ಎರಡೂ ಕೈ ಬಾಯಿಗೆ ಹಿಡಿದು, ನನ್ನ ಕೈಲಾದಷ್ಟು ದೊಡ್ಡ ಹಡಗಿನ ಭೋಂಗಾ ಊದಿದೆ.